ಮೋರ್ಕಂ ಮತ್ತು ಅದರ ಕೊಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಂಕಾಸ್ಟರಿಗೆ ಓದಲು ಬಂದವರು, ಈ ಭಾಗದ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದವರು, ಲೇಕ್ ಡಿಸ್ಟ್ರಿಕ್ಟ್ ನೋಡಲು ಹೊರಟು ದಾರಿಯಲ್ಲಿ ಸಮುದ್ರವನ್ನೂ ನೋಡೋಣ ಎಂದುಕೊಂಡವರು ಮೋರ್ಕಂ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಪ್ರವಾಸೋದ್ಯಮದ ಜಾಹೀರಾತಿನ ಭಾಷೆ ಬೇಕಿದ್ದವರು ಬೇರೆಡೆ ಹುಡುಕಿಕೊಳ್ಳಬೇಕು. ಈ ಊರಿನ ಮೇಲೆ ನನಗೆ ಅಭಿಮಾನವಿದೆ, ಸಿಟ್ಟೂ ಇದೆ.

ಮೋರ್ಕಂ ಇರುವುದು ಎಲ್ಲಿ?

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಲ್ಯಾಂಕಾಶೈರ್ ಕೌಂಟಿಯ ಉತ್ತರದ ಅಂಚಿನಲ್ಲಿ. ಲ್ಯಾಂಕಾಸ್ಟರ್ ನಗರದಿಂದ ಐದಾರು ಕಿಲೋಮೀಟರ್, ರೈಲಿನಲ್ಲಿ ಹತ್ತು ನಿಮಿಷ. ಜನಸಂಖ್ಯೆ ಸುಮಾರು 35,000. ದಕ್ಷಿಣಕ್ಕೆ ಅಂಟಿಕೊಂಡಂತೆ ಹೀಷಂ ಇದೆ. ಅಲ್ಲಿ ಒಂದು ಬಂದರು, ಎರಡು ಅಣುವಿದ್ಯುತ್ ಸ್ಥಾವರಗಳು, ಸಮುದ್ರಕ್ಕೆ ಮುಖಮಾಡಿದ ಬಂಡೆಯಲ್ಲಿ ಸಾವಿರ ವರ್ಷದ ಹಿಂದೆ ಕೊರೆದ ಸಮಾಧಿಗಳು ಅಕ್ಕಪಕ್ಕದಲ್ಲೇ ಇವೆ. ಎದುರಿಗೆ ಕೊಲ್ಲಿ, ಅದರಾಚೆ ಕಂಬ್ರಿಯಾದ ಬೆಟ್ಟಗಳ ಸಾಲು.

ಈ ಕೊಲ್ಲಿಯ ವಿಶೇಷವೇನು?

ಭರತದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ಮರಳು ಮತ್ತು ಕೆಸರಿನ ಬಯಲುಗಳಲ್ಲಿ ಬ್ರಿಟನ್ನಿನಲ್ಲೇ ಅತಿ ದೊಡ್ಡದು ಇಲ್ಲಿದೆ: ಸುಮಾರು 310 ಚದರ ಕಿಲೋಮೀಟರ್. ಲೆವೆನ್, ಕೆಂಟ್, ಕೀರ್, ಲ್ಯೂನ್, ವಯರ್ ಎಂಬ ಐದು ನದಿಗಳ ಅಳಿವೆಗಳು ಇಲ್ಲಿ ಕೂಡುತ್ತವೆ. ನದಿಗಳು ದೊಡ್ಡವಲ್ಲ, ಆದರೆ ಅವುಗಳ ಹರಿವು ಒಂದು ಕಡೆ ನಿಲ್ಲುವುದಿಲ್ಲ. ಈ ವರ್ಷ ಇಲ್ಲಿ ಹರಿದ ಕೆಂಟ್ ನದಿ ಮುಂದಿನ ವರ್ಷ ಅರ್ಧ ಮೈಲಿ ಆಚೆ ಹರಿಯಬಹುದು. ಚಳಿಗಾಲದಲ್ಲಿ ಉತ್ತರದಿಂದ ಲಕ್ಷಗಟ್ಟಲೆ ನೀರುಹಕ್ಕಿಗಳು ಬಂದು ಈ ಕೆಸರನ್ನು ಕೆದಕಿ ತಿನ್ನುತ್ತವೆ. ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿ ಕೊಲ್ಲಿಯ ಹೆಸರಿರುವುದು ಅದಕ್ಕಾಗಿ.

ಕೊಲ್ಲಿಯ ದಡದಲ್ಲಿ ನದಿ ಮುನಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಆಚೆ ದಡದ ಗ್ರೇಂಜ್-ಓವರ್-ಸ್ಯಾಂಡ್ಸ್‌ನಲ್ಲಿ ನೋಡಬಹುದು. ಒಂದು ಕಾಲಕ್ಕೆ ಅಲ್ಲಿನ ಕಡಲತಡಿಯ ಹಾದಿಯ ಬುಡಕ್ಕೇ ನೀರು ಬಂದು ಬಡಿಯುತ್ತಿತ್ತು. ಕೆಂಟ್ ನದಿ ಎದುರು ದಡಕ್ಕೆ ಸರಿದ ಮೇಲೆ ಹೂಳು ತುಂಬಿ, ಹೂಳಿನ ಮೇಲೆ ಹುಲ್ಲು ಹಬ್ಬಿತು. ಸಮುದ್ರ ನೋಡಲೆಂದು ಹಾಕಿದ ಬೆಂಚುಗಳ ಎದುರಿಗೆ ಈಗ ಕುರಿಗಳು ಮೇಯುತ್ತವೆ.

ನಾವು ಹೋದಾಗ ಸಮುದ್ರವೇ ಇರಲಿಲ್ಲ. ಯಾಕೆ?

ನೀವು ಇಳಿತದ ಹೊತ್ತಿಗೆ ಹೋಗಿದ್ದಿರಿ. ಮಂಗಳೂರು, ಮಲ್ಪೆಯ ಕಡೆ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದ ವ್ಯತ್ಯಾಸ ಎರಡು ಮೀಟರ್ ದಾಟುವುದಿಲ್ಲ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಹತ್ತು ಮೀಟರಿಗೂ ಹೆಚ್ಚು, ಅಂದರೆ ಮೂರು ಮಹಡಿಯ ಎತ್ತರ. ಕೊಲ್ಲಿಯ ತಳ ಹೆಚ್ಚುಕಡಿಮೆ ಚಪ್ಪಟೆ. ಹಾಗಾಗಿ ಅಷ್ಟು ನೀರು ಇಳಿದರೆ ಸಮುದ್ರದ ಅಂಚು ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಹೊರಡುವ ಮುನ್ನ ಆ ದಿನದ ಭರತದ ಸಮಯ ನೋಡಿಕೊಳ್ಳಿ. ಭರತಕ್ಕೆ ಒಂದು ಗಂಟೆ ಮೊದಲು ದಡದಲ್ಲಿದ್ದರೆ ಬಯಲು ಸಮುದ್ರವಾಗುವುದನ್ನು ನಿಂತಲ್ಲಿಯೇ ನೋಡಬಹುದು.

ನೀರು ಕುದುರೆಗಿಂತ ವೇಗವಾಗಿ ಬರುತ್ತದೆ ಎಂದು ಸ್ಥಳೀಯರು ಹೇಳುವುದುಂಟು. ಅದು ಉತ್ಪ್ರೇಕ್ಷೆ, ಮತ್ತು ನಿಜವಾದ ಅಪಾಯ ಬೇರೆಯೇ ಇದೆ. ಭರತದ ನೀರು ಎದುರಿನಿಂದ ಗೋಡೆಯಂತೆ ಬರುವುದಿಲ್ಲ. ಮೊದಲು ತಗ್ಗಿನ ಕಾಲುವೆಗಳಲ್ಲಿ ನುಗ್ಗುತ್ತದೆ. ಆ ಕಾಲುವೆಗಳಲ್ಲಿ ಕೆಲವು ನಿಮ್ಮ ಬೆನ್ನ ಹಿಂದೆ, ನಿಮಗೂ ದಡಕ್ಕೂ ನಡುವೆ ಇರುತ್ತವೆ. ನೀವು ಒಣ ಮರಳಿನ ಮೇಲೆ ನಿಂತು ಫೋಟೊ ತೆಗೆಯುತ್ತಿರುವಾಗಲೇ ಹಿಂದಿರುಗುವ ದಾರಿ ಮುಚ್ಚಿಹೋಗಿರುತ್ತದೆ. ಕೆಂಟ್ ಅಳಿವೆಯ ಆರ್ನ್‌ಸೈಡ್‌ನಲ್ಲಿ ಭರತಕ್ಕೆ ಮುನ್ನ ಸೈರನ್ ಕೂಗುವುದು ಅದಕ್ಕೇ.

ಈಜಬಹುದೇ?

ಹಳ್ಳಿಕೆರೆಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಎಲ್ಲೆಂದರಲ್ಲಿ ನೀರಿಗಿಳಿಯಬೇಡಿ, ಮಕ್ಕಳನ್ನು ಕೆಸರಿಗೆ ಬಿಡಬೇಡಿ.

ಮರಳಿನ ಮೇಲೆ ನಡೆದು ಕೊಲ್ಲಿ ದಾಟುತ್ತಾರಂತೆ, ನಿಜವೇ?

ನಿಜ. ರೈಲು ಬರುವ ಮೊದಲು ಅದೇ ಹೆದ್ದಾರಿಯಾಗಿತ್ತು. ಮೋರ್ಕಂಗೆ ತುಸು ಉತ್ತರದ ಹೆಸ್ಟ್ ಬ್ಯಾಂಕ್‌ನಿಂದ ಆಚೆ ದಡದ ಕೆಂಟ್ಸ್ ಬ್ಯಾಂಕ್‌ಗೆ ಕುದುರೆ ಗಾಡಿಗಳು ಮರಳ ಮೇಲೇ ಓಡುತ್ತಿದ್ದವು. ಬೆಟ್ಟ ಸುತ್ತಿ ಹೋಗುವುದಕ್ಕಿಂತ ಇದು ಹತ್ತಿರದ ದಾರಿ. ಮುಳುಗಿದವರ ಲೆಕ್ಕ ಆ ಕಾಲದ ಚರ್ಚುಗಳ ದಾಖಲೆಗಳಲ್ಲಿದೆ. 1857ರಲ್ಲಿ ಆರ್ನ್‌ಸೈಡ್ ಬಳಿ ಕೆಂಟ್ ಅಳಿವೆಗೆ ಅಡ್ಡವಾಗಿ ರೈಲು ಸೇತುವೆಯಾದ ಮೇಲೆ ಆ ದಾರಿಯ ವ್ಯವಹಾರ ನಿಂತಿತು.

ದಾರಿ ತೋರಿಸುವವನ ಹುದ್ದೆ ಮಾತ್ರ ನಿಲ್ಲಲಿಲ್ಲ. 16ನೇ ಶತಮಾನದಿಂದಲೂ ಇಲ್ಲಿ ರಾಜಮನೆತನದ ಹೆಸರಿನಲ್ಲಿ ನೇಮಕಗೊಂಡ ಮರಳುದಾರಿಯ ಮಾರ್ಗದರ್ಶಿ ಇದ್ದಾನೆ. ಸಂಬಳ ವರ್ಷಕ್ಕೆ 15 ಪೌಂಡ್, ಜೊತೆಗೆ ಇರಲು ಒಂದು ಮನೆ. ಸೆಡ್ರಿಕ್ ರಾಬಿನ್ಸನ್ ಎಂಬ ಮೀನುಗಾರ 1963ರಿಂದ 2019ರವರೆಗೆ ಈ ಕೆಲಸ ಮಾಡಿದರು. ನಡಿಗೆಗೆ ಮುಂಚೆ ಮಾರ್ಗದರ್ಶಿ ಹೋಗಿ, ಹುದುಲು ಎಲ್ಲಿದೆ, ನದಿ ಎಲ್ಲಿ ಆಳವಿಲ್ಲ ಎಂದು ಕೋಲಿನಿಂದ ತಿವಿದು ನೋಡಿ, ಲಾರೆಲ್ ಗಿಡದ ಕೊಂಬೆಗಳನ್ನು ನೆಟ್ಟು ಗುರುತು ಮಾಡುತ್ತಾರೆ. ಆ ಕೊಂಬೆಗಳಿಗೆ ಇಲ್ಲಿ ಬ್ರಾಬ್ ಎನ್ನುತ್ತಾರೆ. ಬೇಸಿಗೆಯಲ್ಲಿ ಧರ್ಮಾರ್ಥ ಸಂಸ್ಥೆಗಳು ನಿಧಿ ಸಂಗ್ರಹಕ್ಕಾಗಿ ಈ ನಡಿಗೆ ಏರ್ಪಡಿಸುತ್ತವೆ. ಹೆಸರು ಕೊಟ್ಟು, ಗುಂಪಿನ ಜೊತೆ ಹೋಗಿ. ಅರ್ಧ ದಿನದ ನಡಿಗೆ, ನಡುವೆ ಕೆಂಟ್ ನದಿಯನ್ನು ಮೊಣಕಾಲವರೆಗೋ ತೊಡೆಯವರೆಗೋ ನೀರಿನಲ್ಲಿ ದಾಟಬೇಕು. ಜೀನ್ಸ್ ಹಾಕಿಕೊಂಡು ಹೋಗಬೇಡಿ.

ಚೀನಾದ ಕೂಲಿಗಳು ಮುಳುಗಿ ಸತ್ತದ್ದು ಇಲ್ಲೇ ಅಲ್ಲವೇ?

ಹೌದು. 2004ರ ಫೆಬ್ರುವರಿ 5ರ ರಾತ್ರಿ. ಕಾಕಲ್ ಎಂಬ ಚಿಪ್ಪು, ನಮ್ಮ ಕರಾವಳಿಯ ಮರುವಾಯಿ ಅಥವಾ ಬಳಚಿನ ಜಾತಿಯದು, ಇಲ್ಲಿನ ಮರಳಿನಲ್ಲಿ ಹೇರಳ. ಅದನ್ನು ಹೆಕ್ಕಲು ಕತ್ತಲಲ್ಲಿ, ಚಳಿಯಲ್ಲಿ ಇಳಿಸಿದ್ದ ಕೂಲಿಗಳನ್ನು ಭರತ ಸುತ್ತುವರಿಯಿತು. ಕನಿಷ್ಠ 21 ಜನ ಸತ್ತರು. ಬಹುತೇಕರು ಚೀನಾದ ಫುಜಿಯಾನ್ ಪ್ರಾಂತ್ಯದಿಂದ ಕಾಗದಪತ್ರಗಳಿಲ್ಲದೆ, ಸಾಲ ಹೊತ್ತು ಬಂದವರು. ಅವರಿಗೆ ಭರತದ ವೇಳಾಪಟ್ಟಿ ಗೊತ್ತಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ಅವರನ್ನು ಕರೆತಂದ ಮೇಸ್ತ್ರಿಗೆ 2006ರಲ್ಲಿ ನರಹತ್ಯೆಯ ಅಪರಾಧಕ್ಕಾಗಿ 14 ವರ್ಷ ಶಿಕ್ಷೆಯಾಯಿತು. ಕೂಲಿ ಗುತ್ತಿಗೆದಾರರು ಪರವಾನಗಿ ಪಡೆಯಬೇಕೆಂಬ ಕಾನೂನು ದುರಂತದ ವರ್ಷವೇ, 2004ರಲ್ಲಿ ಬಂತು.

ಇಂಥ ಕೆಸರಿನ ದಡಕ್ಕೆ ರಜೆ ಕಳೆಯಲು ಜನ ಯಾಕೆ ಬರುತ್ತಿದ್ದರು?

ಒಂದೇ ಮಾತಿನ ಉತ್ತರ: ರೈಲು ಇಲ್ಲಿಗೆ ಬರುತ್ತಿತ್ತು.

ಇಲ್ಲಿ ಮೊದಲು ಇದ್ದದ್ದು ಪೋಲ್ಟನ್, ಬೇರ್, ಟಾರಿಸ್‌ಹೋಂ ಎಂಬ ಮೂರು ಹಳ್ಳಿಗಳು. 1848ರಲ್ಲಿ ಬಂದರಿಗಾಗಿ ರೈಲು ಹಾಕಿದರು. ಸರಕಿಗಿಂತ ಹೆಚ್ಚು ಜನ ಬಂದರು. ಆ ರೈಲು ಬೆಟ್ಟ ದಾಟಿ ಯಾರ್ಕ್‌ಶೈರಿನ ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ನಗರಗಳನ್ನು ಮುಟ್ಟುತ್ತಿತ್ತು. ಬ್ರಾಡ್‌ಫರ್ಡ್ ಆಗ ಉಣ್ಣೆ ಗಿರಣಿಗಳ ರಾಜಧಾನಿ. ಆಗಸ್ಟಿನಲ್ಲಿ ಅಲ್ಲಿನ ಗಿರಣಿಗಳು ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಕೇರಿಗೆ ಕೇರಿಯೇ ಪೆಟ್ಟಿಗೆ ಕಟ್ಟಿಕೊಂಡು ಇಲ್ಲಿಗೆ ಬರುತ್ತಿತ್ತು. ಮನೆಯಲ್ಲಿ ಪಕ್ಕದಲ್ಲಿದ್ದವರು ಇಲ್ಲೂ ಪಕ್ಕದ ಕೋಣೆಯಲ್ಲೇ. ಈ ಊರಿಗೆ ‘ಕಡಲತಡಿಯ ಬ್ರಾಡ್‌ಫರ್ಡ್’ ಎಂಬ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ. ಜುಲೈನಲ್ಲಿ ಗ್ಲಾಸ್ಗೋದವರ ಸರದಿ. ಕೊಲ್ಲಿಯ ಹೆಸರನ್ನೇ ಊರಿಗೆ ಅಧಿಕೃತವಾಗಿ ಇಟ್ಟದ್ದು 1889ರಲ್ಲಿ.

ಗಮನಿಸಬೇಕಾದದ್ದು ಇದು. ಇಲ್ಲಿಗೆ ಬರುತ್ತಿದ್ದವರು ಈ ಕೊಲ್ಲಿಯನ್ನೇ ಹುಡುಕಿಕೊಂಡು ಬಂದವರಲ್ಲ. ಒಂದು ರೈಲು, ಒಂದು ಕಸುಬು, ಒಂದು ವಾರದ ರಜೆ, ಈ ಮೂರು ಹುರಿಗಳ ಹಗ್ಗದಿಂದ ಊರು ನೇತಾಡುತ್ತಿತ್ತು.

ಆಗ ಇಲ್ಲಿ ಏನೇನಿತ್ತು?

ಸಮುದ್ರದೊಳಕ್ಕೆ ಚಾಚಿದ ಎರಡು ಪಿಯರ್‌ಗಳು. 1897ರಲ್ಲಿ ಕಟ್ಟಿದ ದೊಡ್ಡ ರಂಗಮಂದಿರ, ವಿಂಟರ್ ಗಾರ್ಡನ್ಸ್. 1936ರಲ್ಲಿ ತೆರೆದ ಬಯಲು ಈಜುಕೊಳ. ಅದರ ಉದ್ದ ನೂರು ಮೀಟರ್, ಹೆಸರು ಸೂಪರ್ ಸ್ವಿಮ್ಮಿಂಗ್ ಸ್ಟೇಡಿಯಂ. ಸಮುದ್ರ ಹಿಂದೆ ಸರಿದ ಹೊತ್ತಿನಲ್ಲಿ ಜನರನ್ನು ಒದ್ದೆಯಾಗಿ ಇಡಲು ಊರು ಕಂಡುಕೊಂಡ ಉಪಾಯ ಅದು. ಮಿಸ್ ಗ್ರೇಟ್ ಬ್ರಿಟನ್ ಸ್ಪರ್ಧೆ 1945ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ, 1989ರವರೆಗೆ ನಡೆದದ್ದೂ ಇಲ್ಲೇ.

ನನಗೆ ಇಷ್ಟವಾದ ವಿಷಯ ಬೇರೆ. 1905ರಿಂದ 1930ರ ದಶಕದ ಆರಂಭದವರೆಗೆ ಕಲ್ಲಿನ ಜೆಟ್ಟಿಯ ಬಳಿ ಹಳೆಯ ಹಡಗುಗಳನ್ನು ಒಡೆಯುವ ಕೆಲಸ ನಡೆಯುತ್ತಿತ್ತು. ಸದ್ದು, ತುಕ್ಕು, ಹೊಗೆ ಎಂದು ಹೋಟೆಲಿನವರು ಗೊಣಗುತ್ತಿದ್ದರು. ಪ್ರವಾಸಿಗರು ಮಾತ್ರ ಕಾಸು ಕೊಟ್ಟು ಹಡಗು ಹತ್ತಿ ನೋಡುತ್ತಿದ್ದರು.

ಯಾವಾಗ, ಯಾಕೆ ಬಿದ್ದುಹೋಯಿತು?

‘ಜನ ಸ್ಪೇನಿಗೆ ಹೋದರು’ ಎಂಬುದು ಎಲ್ಲರೂ ಕೊಡುವ ಉತ್ತರ. ಸುಳ್ಳಲ್ಲ. 1960ರ ದಶಕದ ಕೊನೆಯಿಂದ ವಿಮಾನ, ಹೋಟೆಲು, ಊಟ ಎಲ್ಲ ಸೇರಿದ ಅಗ್ಗದ ಪ್ರವಾಸಗಳು ಬಂದವು. ಬಿಸಿಲು ಖಾತ್ರಿಯಿರುವ ಕಡಲತಡಿ ಸಿಕ್ಕಮೇಲೆ ಮಳೆಯ ಕಡಲತಡಿಗೆ ಯಾರು ಬರುತ್ತಾರೆ? ಆದರೆ ಇಂಗ್ಲೆಂಡಿನ ಪ್ರತಿ ಕಡಲೂರಿಗೂ ಇದೇ ಪೆಟ್ಟು ಬಿದ್ದಿತು. ಮೋರ್ಕಂ ಉಳಿದವುಗಳಿಗಿಂತ ಹೆಚ್ಚು ನೆಲಕಚ್ಚಿದ್ದಕ್ಕೆ ಕಾರಣ ಆ ಹಗ್ಗದ ಮೂರೂ ಹುರಿಗಳು ಒಟ್ಟಿಗೆ ಕಿತ್ತುಹೋದದ್ದು.

ರೈಲನ್ನೇ ನೋಡಿ. ಲ್ಯಾಂಕಾಸ್ಟರ್–ಮೋರ್ಕಂ–ಹೀಷಂ ಮಾರ್ಗಕ್ಕೆ 1908ರಲ್ಲೇ ವಿದ್ಯುತ್ ತಂತಿ ಎಳೆದಿದ್ದರು. ಬ್ರಿಟನ್ನಿನಲ್ಲಿ ಅದು ಆ ಬಗೆಯ ಮೊದಮೊದಲ ಪ್ರಯೋಗ. ಲ್ಯೂನ್ ನದಿಯ ದಂಡೆಯ ಆ ಮಾರ್ಗವನ್ನು 1966ರಲ್ಲಿ ಮುಚ್ಚಿದರು. ಹಳಿಯಿದ್ದ ಜಾಗ ಈಗ ಸೈಕಲ್ ದಾರಿ, ಲ್ಯಾಂಕಾಸ್ಟರಿನ ರೈಲು ಸೇತುವೆಯ ಮೇಲೆ ಈಗ ಕಾರುಗಳು. ಲೀಡ್ಸ್‌ನಿಂದ ಈಗಲೂ ದಿನಕ್ಕೆ ಕೆಲವು ರೈಲುಗಳಿವೆ, ಸುಮಾರು ಎರಡು ಗಂಟೆ ಹಿಡಿಯುತ್ತದೆ. ಅತ್ತ ಉಣ್ಣೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯೇ ಇಲ್ಲದ ಮೇಲೆ ಗಿರಣಿಯ ರಜೆ ಎಲ್ಲಿಂದ? ಸ್ಪೇನಿಗೆ ಹೋಗಲು ಆಗದವರೂ ಮನೆಯಲ್ಲೇ ಉಳಿದರು.

ಇದರ ನಡುವೆ ಗಾಳಿ, ಮಳೆ. 1977ರ ನವೆಂಬರಿನ ಬಿರುಗಾಳಿ ಪಶ್ಚಿಮದ ಪಿಯರನ್ನು ಮುರಿದು ಹಾಕಿತು. ವಿಂಟರ್ ಗಾರ್ಡನ್ಸ್ ಬಾಗಿಲು ಹಾಕಿದ್ದೂ ಅದೇ ವರ್ಷ. ಈಜುಕೊಳ ಅದಕ್ಕೂ ಎರಡು ವರ್ಷ ಮೊದಲೇ ಮುಚ್ಚಿತ್ತು. ಇನ್ನೊಂದು ಪಿಯರನ್ನು 1992ರಲ್ಲಿ ಕೆಡವಿದರು. ಫ್ರಾಂಟಿಯರ್‌ಲ್ಯಾಂಡ್ ಎಂಬ ಮನರಂಜನಾ ಉದ್ಯಾನ 20ನೇ ಶತಮಾನದ ಜೊತೆಗೇ ಮುಗಿಯಿತು.

ಬ್ಲ್ಯಾಕ್‌ಪೂಲ್ ಉಳಿದುಕೊಂಡಿತಲ್ಲ? ಅದೂ ಇದೇ ಕೌಂಟಿ.

ಅಲ್ಲಿ 1894ರ ಗೋಪುರ ನಿಂತಿದೆ, ಮೂರು ಪಿಯರ್‌ಗಳಿವೆ, ದೀಪೋತ್ಸವ ನಡೆಯುತ್ತದೆ, ಪ್ರವಾಸಿಗರು ಈಗಲೂ ಲಕ್ಷಲಕ್ಷ ಬರುತ್ತಾರೆ. ಆದರೂ 2019ರ ಸರ್ಕಾರಿ ಸೂಚ್ಯಂಕದಲ್ಲಿ ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಸ್ಥಳೀಯಾಡಳಿತ ಪ್ರದೇಶ ಅದೇ. ಪ್ರವಾಸಿಗರ ಸಂಖ್ಯೆಯೊಂದನ್ನೇ ನೋಡಿ ಊರಿನ ಆರೋಗ್ಯ ಹೇಳಬಾರದು. ಬೆಳಿಗ್ಗೆ ಬಂದು, ಮನೆಯಿಂದ ತಂದ ಬ್ರೆಡ್ಡು ತಿಂದು, ಸಂಜೆ ಹೊರಟುಹೋಗುವ ಹತ್ತು ಜನರಿಗಿಂತ ವಾರವಿಡೀ ಉಳಿದು ಉಣ್ಣುವ ಒಂದು ಸಂಸಾರ ಊರಿಗೆ ಹೆಚ್ಚು ಬಿಟ್ಟುಹೋಗುತ್ತದೆ.

ಹಾಗಾದರೆ ಆ ವಸತಿಗೃಹಗಳೆಲ್ಲ ಏನಾದವು?

ನನ್ನ ಲೆಕ್ಕದಲ್ಲಿ ಈ ಪುಟದ ಮುಖ್ಯ ಪ್ರಶ್ನೆ ಇದು. ಇದನ್ನು ಕೇಳುವವರು ಮಾತ್ರ ಕಡಿಮೆ.

ವೆಸ್ಟ್ ಎಂಡ್ ಎಂಬ ಬಡಾವಣೆಗೆ ಹೋಗಿ. ಮೂರು ನಾಲ್ಕು ಅಂತಸ್ತಿನ, ಮುಂದಕ್ಕೆ ಉಬ್ಬಿದ ಕಿಟಕಿಗಳ, ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳು. ಬ್ರಾಡ್‌ಫರ್ಡಿನ ಸಂಸಾರಗಳಿಗೆ ಕೋಣೆ ಕೊಟ್ಟು, ಮೂರು ಹೊತ್ತು ಬಡಿಸಿ, ಊಟಗಳ ನಡುವೆ ಹೊರಗೆ ಅಟ್ಟುತ್ತಿದ್ದ ವಸತಿಗೃಹಗಳು ಇವೇ. ಈಗ ಕೆಲವು ಮನೆಗಳ ಬಾಗಿಲ ಬಳಿ ಕರೆಗಂಟೆಗಳ ಸಾಲು ಕಾಣುತ್ತದೆ. ಒಂದರ ಕೆಳಗೊಂದು ಗುಂಡಿ, ಪಕ್ಕದಲ್ಲಿ ಹೆಸರು ಬರೆದು ಅಂಟಿಸಿದ ಚೀಟಿ, ಅದರ ಮೇಲೆ ಇನ್ನೊಬ್ಬರ ಚೀಟಿ, ಅದರ ಮೇಲೆ ಮತ್ತೊಬ್ಬರದು. ಕೆಲವೆಡೆ ಚೀಟಿಯೂ ಇಲ್ಲ, ಬರೀ ಸಂಖ್ಯೆ.

ಆದದ್ದು ಇಷ್ಟು. ಪ್ರವಾಸಿಗರು ನಿಂತಾಗ ಹತ್ತು ಕೋಣೆಯ ಮನೆಯನ್ನು ಯಾರೂ ಸಂಸಾರಕ್ಕೆ ಕೊಳ್ಳುವುದಿಲ್ಲ. ಬೆಲೆ ಕುಸಿಯಿತು. ಕೊಂಡವರು ಹೊರಗಿನವರು. ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟರು. ಕೆಲಸವಿಲ್ಲದವರ ಬಾಡಿಗೆಯನ್ನು ಸರ್ಕಾರವೇ ವಸತಿ ಭತ್ಯೆಯಾಗಿ ಕೊಡುತ್ತದೆ. ಹತ್ತು ವಾರದ ಪ್ರವಾಸಿ ಋತುವಿಗಿಂತ ಐವತ್ತೆರಡು ವಾರದ ಸರ್ಕಾರಿ ಬಾಡಿಗೆ ಖಾತ್ರಿ. ಮನೆ ರಿಪೇರಿ ಮಾಡಿದರೂ ಅಷ್ಟೇ ಬಾಡಿಗೆ, ಮಾಡದಿದ್ದರೂ ಅಷ್ಟೇ. ಹಾಗಾಗಿ ದೂರದ ನಗರಗಳಲ್ಲಿ ನೆಲೆ ತಪ್ಪಿದವರು, ಕಾಯಿಲೆಯವರು, ಜೈಲಿನಿಂದ ಬಂದವರು, ಅಗ್ಗದ ಕೋಣೆ ಹುಡುಕುವ ಯಾರೇ ಆಗಲಿ ಕಡಲತಡಿಗೆ ಬಂದು ಸೇರಿದರು. ಅವರದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ಜನರಿಗೆ ಬೇಕಾದ ವೈದ್ಯರು, ಶಾಲೆಗಳು, ಕೆಲಸ ಅವರ ಹಿಂದೆ ಬರಲಿಲ್ಲ. ವೆಸ್ಟ್ ಎಂಡಿನ ಭಾಗಗಳು ಇಂಗ್ಲೆಂಡಿನ ಅತಿ ಹಿಂದುಳಿದ ಶೇಕಡಾ 10ರ ಪಟ್ಟಿಯಲ್ಲಿವೆ. ಕಡಲತಡಿಯ ಊರುಗಳ ಬಗ್ಗೆ ಲಾರ್ಡ್ಸ್ ಸಭೆಯ ಸಮಿತಿ 2019ರಲ್ಲಿ, ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2021ರಲ್ಲಿ ವರದಿ ಕೊಟ್ಟರು. ಇಬ್ಬರೂ ಬೊಟ್ಟು ಮಾಡಿದ ಕಾರಣಗಳಲ್ಲಿ ಈ ಮನೆಗಳೂ ಇವೆ.

ಬ್ಲಾಬಿಲ್ಯಾಂಡ್ ಎಂದರೆ ಏನು? ಎಲ್ಲರೂ ನಗುತ್ತಾರೆ.

ಟಿವಿಯಲ್ಲಿ ಬರುತ್ತಿದ್ದ, ಹಳದಿ ಚುಕ್ಕೆಗಳ ಗುಲಾಬಿ ಬಣ್ಣದ ಮಿಸ್ಟರ್ ಬ್ಲಾಬಿ ಎಂಬ ವೇಷದ ಹೆಸರಿನಲ್ಲಿ 1994ರ ಬೇಸಿಗೆಯಲ್ಲಿ ಇಲ್ಲಿನ ಹ್ಯಾಪಿ ಮೌಂಟ್ ಪಾರ್ಕಿನಲ್ಲಿ ಮಕ್ಕಳ ಉದ್ಯಾನ ತೆರೆದರು. ಹದಿಮೂರು ವಾರಕ್ಕೆ ಮುಚ್ಚಿತು. ಕೌನ್ಸಿಲಿಗೆ 20 ಲಕ್ಷ ಪೌಂಡಿಗೂ ಹೆಚ್ಚು ನಷ್ಟ, ತೆರಿಗೆ ಕೊಟ್ಟವರ ಹಣ. ಹೊರಗಿನವರಿಗೆ ಇದು ನಗೆಚಾಟಿಕೆ. ಊರಿನವರ ಮುಂದೆ ಈ ಹೆಸರು ಎತ್ತದಿರುವುದು ಒಳ್ಳೆಯದು.

ಮಿಡ್‌ಲ್ಯಾಂಡ್ ಹೋಟೆಲ್ ನೋಡಲೇಬೇಕೇ?

ನೋಡಿ. ಒಂದು ಲೋಟ ಚಹಾದ ನೆಪದಲ್ಲಾದರೂ ಒಳಗೆ ಹೋಗಿ. 1933ರಲ್ಲಿ ರೈಲ್ವೆ ಕಂಪನಿ ಕಟ್ಟಿಸಿದ ಬೆಳ್ಳನೆಯ, ಬಿಲ್ಲಿನಂತೆ ಬಾಗಿದ ಕಟ್ಟಡ. ವಾಸ್ತುಶಿಲ್ಪಿ ಆಲಿವರ್ ಹಿಲ್. ಉಬ್ಬಿದ ಬದಿ ಸಮುದ್ರಕ್ಕೆ, ತಗ್ಗಿದ ಬದಿ ಆಗಿನ ರೈಲು ನಿಲ್ದಾಣಕ್ಕೆ: ರೈಲಿನಿಂದ ಇಳಿದವರನ್ನು ತೋಳು ಚಾಚಿ ಒಳಗೆ ಕರೆದುಕೊಂಡು, ಪ್ರತಿ ಕೋಣೆಗೂ ಕಡಲು ತೋರಿಸುವ ಯೋಜನೆ. ಒಳಗಿನ ಕೆತ್ತನೆಗಳು ಎರಿಕ್ ಗಿಲ್ ಅವರವು. 1998ರಲ್ಲಿ ಮುಚ್ಚಿ, ಪಾಳುಬಿದ್ದು, 2008ರಲ್ಲಿ ಮತ್ತೆ ತೆರೆಯಿತು. ಎದುರಿನ ನಿಲ್ದಾಣ ಮಾತ್ರ 1994ರಲ್ಲಿ ಊರೊಳಕ್ಕೆ ಸರಿದಿದೆ. ಹಳೆಯ ನಿಲ್ದಾಣದ ಕಟ್ಟಡದಲ್ಲಿ ಈಗ ಸಂಗೀತ ಕಚೇರಿಗಳು ನಡೆಯುತ್ತವೆ.

ಮಿಡ್‌ಲ್ಯಾಂಡ್ ತೆರೆದರೆ ಊರೇ ಎದ್ದು ನಿಲ್ಲುತ್ತದೆ ಎಂದು 2008ರಲ್ಲಿ ಹೇಳಿದವರಿದ್ದರು. ಹೋಟೆಲ್ ಎದ್ದಿತು. ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ವೆಸ್ಟ್ ಎಂಡ್ ಇದ್ದಲ್ಲೇ ಇತ್ತು.

ವಿಂಟರ್ ಗಾರ್ಡನ್ಸ್ ಕಥೆ ಬೇರೆ. ಅದನ್ನು ಹಿಡಿದು ನಿಲ್ಲಿಸಿದವರು ಸ್ವಯಂಸೇವಕರು. ಈಗ ಪ್ರದರ್ಶನಗಳು ನಡೆಯುತ್ತಿವೆ. ರಿಪೇರಿ ಇನ್ನೂ ಮುಗಿದಿಲ್ಲ, ಒಳಗೆ ಚಳಿ. ಕೋಟು ತೆಗೆಯಬೇಡಿ.

ಈಡನ್ ಪ್ರಾಜೆಕ್ಟ್ ಬಂದರೆ ಎಲ್ಲ ಸರಿಹೋಗುತ್ತದೆಯೇ?

ಕಾರ್ನ್‌ವಾಲ್‌ನ ಹಳೆಯ ಮಣ್ಣಿನ ಗಣಿಯಲ್ಲಿ 2001ರಲ್ಲಿ ತೆರೆದ, ಗುಮ್ಮಟಗಳೊಳಗಿನ ಕಾಡಿನ ಪ್ರದರ್ಶನವೇ ಮೂಲ ಈಡನ್. ಅದರ ಉತ್ತರದ ಶಾಖೆಯನ್ನು ಮೋರ್ಕಂ ಕಡಲತಡಿಯಲ್ಲಿ, ಚಿಪ್ಪಿನಾಕಾರದ ಕಟ್ಟಡಗಳಲ್ಲಿ, ಕೊಲ್ಲಿಯ ಭರತ ಇಳಿತಗಳನ್ನೇ ವಸ್ತುವಾಗಿಟ್ಟುಕೊಂಡು ಕಟ್ಟುವ ಯೋಜನೆ. 2022ರ ಜನವರಿಯಲ್ಲಿ ನಿರ್ಮಾಣಕ್ಕೆ ಒಪ್ಪಿಗೆ ಸಿಕ್ಕಿತು, 2023ರ ಜನವರಿಯಲ್ಲಿ ಸರ್ಕಾರ 5 ಕೋಟಿ ಪೌಂಡ್ ಘೋಷಿಸಿತು. ತೆರೆಯುವ ವರ್ಷ ಮುಂದಕ್ಕೆ ಹೋಗುತ್ತಾ ಹೋಗುತ್ತಾ 2028ಕ್ಕೆ ಬಂದು ನಿಂತಿದೆ.

ಇದರ ಜಾಗ ಯಾವುದು ಗೊತ್ತೇ? 1936ರ ಈಜುಕೊಳವಿದ್ದ ಜಾಗವೇ. ಅದನ್ನು ಕೆಡವಿದ ಮೇಲೆ ಅಲ್ಲಿ ಬಬಲ್ಸ್ ಎಂಬ ನೀರಾಟದ ಕೇಂದ್ರ ಬಂತು. ಅದೂ ಹೋಗಿ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ತಲೆಮಾರಿಗೊಂದರಂತೆ ಊರನ್ನು ಉದ್ಧರಿಸಲು ಬಂದ ದೊಡ್ಡ ಯೋಜನೆಗಳಲ್ಲಿ ಇದು ಮೂರನೆಯದು.

ನನ್ನ ಅಭಿಪ್ರಾಯ: ಈ ಯೋಜನೆ ಹಿಂದಿನ ಎರಡಕ್ಕಿಂತ ಬುದ್ಧಿವಂತಿಕೆಯದು. ಮೊದಲ ಸಲ ಯಾರೋ ಕೊಲ್ಲಿಯನ್ನು ಮರೆಮಾಡದೆ, ಅದನ್ನೇ ತೋರಿಸಲು ಹೊರಟಿದ್ದಾರೆ. ಎದುರಿಗೇ ಕಾಣುವ ಲೇಕ್ ಡಿಸ್ಟ್ರಿಕ್ಟ್‌ಗೆ ಎಂ6 ಹೆದ್ದಾರಿಯಲ್ಲಿ ಹೋಗುವ ಜನಸಾಗರದಲ್ಲಿ ಒಂದು ಪಾಲು ಇತ್ತ ತಿರುಗಿದರೂ ಸಾಕು. 2016ರಲ್ಲಿ ತೆರೆದ ಬೇ ಗೇಟ್‌ವೇ ರಸ್ತೆಯಿಂದ ಹೆದ್ದಾರಿಗೂ ಊರಿಗೂ ಈಗ ನೇರ ಸಂಪರ್ಕವಿದೆ. ಆದರೆ ಬಂದವರು ಸಂಜೆ ಉಳಿಯದಿದ್ದರೆ ಲಾಭ ಟಿಕೆಟ್ ಕಿಟಕಿಗಷ್ಟೇ. ಉಳಿಯಲು ಕೋಣೆಗಳು ಬೇಕು. ಆ ಕೋಣೆಗಳೆಲ್ಲ ಎಲ್ಲಿ ಹೋದವು ಎಂದು ಮೇಲೆ ಹೇಳಿದ್ದೇನೆ. ಮನೆಗಳ ಚಾವಣಿ ರಿಪೇರಿಗೆ ಹಣ ಕೊಟ್ಟು ರಿಬ್ಬನ್ ಕತ್ತರಿಸಲು ಯಾವ ಮಂತ್ರಿಯೂ ಬರುವುದಿಲ್ಲ.

ಊರಿಗೆ ಸ್ವಂತ ಕೌನ್ಸಿಲ್ ಇಲ್ಲವೇ?

ಪಟ್ಟಣ ಮಟ್ಟದ್ದೊಂದು ಇದೆ, ಅಧಿಕಾರ ಕಡಿಮೆ. 1974ರಲ್ಲಿ ಮೋರ್ಕಂ–ಹೀಷಂ ನಗರಾಡಳಿತವನ್ನು ಲ್ಯಾಂಕಾಸ್ಟರಿನ ಜೊತೆ ಸೇರಿಸಿದರು. ‘ನಮ್ಮ ಹಣವೆಲ್ಲ ಲ್ಯಾಂಕಾಸ್ಟರಿಗೆ’ ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ. ಬಾರ್ಬರ್ ಅಂಗಡಿಯಲ್ಲಿ ಕುಳಿತರೆ ಪುಕ್ಕಟೆಯಾಗಿ ಕೇಳಬಹುದು.

ಪ್ರವಾಸೋದ್ಯಮ ಸೊರಗಿದರೆ ಜನ ಬದುಕುವುದು ಹೇಗೆ?

ಹೀಷಂನ ಸ್ಥಾವರಗಳು ದೊಡ್ಡ ಆಸರೆ. ಒಂದು 1983ರಿಂದ, ಇನ್ನೊಂದು 1988ರಿಂದ ವಿದ್ಯುತ್ ಕೊಡುತ್ತಿದೆ. ಎರಡನ್ನೂ 2030ರ ಹೊತ್ತಿಗೆ ನಿಲ್ಲಿಸುವ ಯೋಜನೆಯಿದೆ. ಈಡನ್ ಬಗ್ಗೆ ನೂರು ಸುದ್ದಿ ಬರುವಲ್ಲಿ ಇದರ ಬಗ್ಗೆ ಒಂದೂ ಬರುವುದಿಲ್ಲ. ಸಂಬಳದ ದೃಷ್ಟಿಯಿಂದ ನೋಡಿದರೆ ಪ್ರಾಮುಖ್ಯ ಉಲ್ಟಾ ಇರಬೇಕಿತ್ತು. ಉಳಿದಂತೆ ಹೀಷಂ ಬಂದರು, ವೃದ್ಧರ ಆರೈಕೆ ಗೃಹಗಳು, ಅಂಗಡಿಗಳು, ಲ್ಯಾಂಕಾಸ್ಟರಿನ ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆ. ಭಾರತದಿಂದ ಕೆಲಸಕ್ಕೆ ಬರುವ ದಾದಿಯರು, ವೈದ್ಯರಲ್ಲಿ ಹಲವರು ‘ಮೋರ್ಕಂ ಬೇ’ ಎಂಬ ಹೆಸರನ್ನು ಮೊದಲು ಓದುವುದು ಇಲ್ಲಿನ ಆಸ್ಪತ್ರೆ ಟ್ರಸ್ಟಿನ ನೇಮಕಾತಿ ಪತ್ರದಲ್ಲೇ.

ಫುಟ್‌ಬಾಲ್ ಕ್ಲಬ್ಬಿಗೂ ಪಂಜಾಬಿಗೂ ಏನು ಸಂಬಂಧ?

ಕ್ಲಬ್ 2025ರಲ್ಲಿ ಲೀಗಿನಿಂದ ಕೆಳಗೆ ಬಿತ್ತು. ಆ ಬೇಸಿಗೆಯಲ್ಲಿ ಸಂಬಳ ಕೊಡಲೂ ಹಣವಿಲ್ಲದೆ ಮುಳುಗುವ ಸ್ಥಿತಿಗೆ ಬಂತು. ಆಗಸ್ಟಿನಲ್ಲಿ ಪಂಜಾಬ್ ವಾರಿಯರ್ಸ್ ಎಂಬ ಸಂಸ್ಥೆ ಅದನ್ನು ಕೊಂಡಿತು. ಮ್ಯಾನೇಜರಾಗಿ ನೇಮಕವಾದ ಆಶ್ವೀರ್ ಸಿಂಗ್ ಜೋಹಲ್ ಬ್ರಿಟನ್ನಿನ ವೃತ್ತಿಪರ ಫುಟ್‌ಬಾಲಿನಲ್ಲಿ ಆ ಸ್ಥಾನಕ್ಕೇರಿದ ಮೊದಲ ಸಿಖ್ಖರು.

ತಿನ್ನಲು ಏನು ವಿಶೇಷ?

ಕೊಲ್ಲಿಯ ಕಂದು ಸಿಗಡಿ. ಕಿರುಬೆರಳ ಉಗುರಿಗಿಂತ ತುಸು ದೊಡ್ಡದು. ಬೇಯಿಸಿ, ಸುಲಿದು, ಜಾಪತ್ರೆ ಹಾಕಿ ಕರಗಿಸಿದ ಬೆಣ್ಣೆಯೊಡನೆ ಸಣ್ಣ ಬಟ್ಟಲಿಗೆ ತುಂಬಿ ಮೇಲೆ ಬೆಣ್ಣೆಯ ಮುಚ್ಚಳ ಹಾಕುತ್ತಾರೆ. ಬಿಸಿ ಟೋಸ್ಟಿನ ಮೇಲೆ ಹಚ್ಚಿದಾಗ ಬೆಣ್ಣೆ ಕರಗಿ ಜಾಪತ್ರೆಯ ಪರಿಮಳ ಬರುತ್ತದೆ. ಖಾರ ಇಲ್ಲ, ನಿರೀಕ್ಷಿಸಬೇಡಿ. ಸಸ್ಯಾಹಾರಿಗಳಿಗೆ ಕಡಲತಡಿಯ ಬ್ರುಚಾನಿ ಅಂಗಡಿಯ ಐಸ್‌ಕ್ರೀಂ ಇದೆ. ಅಂಗಡಿ 1939ರದ್ದು, ಒಳಗಿನ ಮರದ ಕೆಲಸ ನೋಡುವಂತಿದೆ.

ಯಾವಾಗ ಬರುವುದು ಒಳ್ಳೆಯದು?

ಪುಸ್ತಕಗಳು ಜುಲೈ, ಆಗಸ್ಟ್ ಎನ್ನುತ್ತವೆ. ನಾನು ಅಕ್ಟೋಬರಿನಿಂದ ಫೆಬ್ರುವರಿ ಎನ್ನುತ್ತೇನೆ. ಗಾಳಿ ಚಳಿ ಕೋಟನ್ನು ದಾಟಿ ಬರುತ್ತದೆ, ನಿಜ. ಆದರೆ ಹಿಂಡುಹಿಂಡಾಗಿ ಏಳುವ ಹಕ್ಕಿಗಳು, ಹಿಮ ಹೊತ್ತ ಬೆಟ್ಟಗಳು, ನಾಲ್ಕು ಗಂಟೆಗೇ ಕೊಲ್ಲಿಯೊಳಗೆ ಮುಳುಗುವ ಸೂರ್ಯ ಸಿಗುವುದು ಆಗಲೇ. ಊರಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಹಾಸ್ಯನಟ ಎರಿಕ್ ಮೋರ್ಕಂ ಅವರ ಪ್ರತಿಮೆ ಕಡಲತಡಿಯಲ್ಲಿದೆ, 1999ರಲ್ಲಿ ರಾಣಿ ಅನಾವರಣ ಮಾಡಿದ್ದು. ಒಂದು ಕಾಲೆತ್ತಿ ಕುಣಿಯುವ ಭಂಗಿ, ಕೊರಳಲ್ಲಿ ದುರ್ಬೀನು. ಆತ ಪಕ್ಷಿವೀಕ್ಷಕ. ನೀವೂ ಒಂದು ದುರ್ಬೀನು ತನ್ನಿ.

ಈಡನ್ ಬರುತ್ತದೆ ಎಂದು ಇಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಬಿಡಬಹುದೇ?

ಬೆಂಗಳೂರಿನಿಂದಲೂ ಈ ಪ್ರಶ್ನೆ ಬರುತ್ತದೆ. ಕೋಣೆ ಲೆಕ್ಕದಲ್ಲಿ ಬಾಡಿಗೆ ಎಣಿಸಿ, ಊರನ್ನು ನೋಡದೆಯೇ ಕೊಂಡವರಿಂದಲೇ ವೆಸ್ಟ್ ಎಂಡ್ ಈ ಸ್ಥಿತಿಗೆ ಬಂದದ್ದು. ಆ ಸಾಲಿಗೆ ಇನ್ನೊಬ್ಬರನ್ನು ಸೇರಿಸಲು ನಾನು ಸಲಹೆ ಕೊಡುವುದಿಲ್ಲ. ಕೊಳ್ಳಲೇಬೇಕೆಂದಿದ್ದರೆ ಜನವರಿಯಲ್ಲಿ, ವಾರದ ನಡುವಿನ ಒಂದು ದಿನ ಬಂದು ಆ ಬೀದಿಯಲ್ಲಿ ಸಂಜೆಯವರೆಗೆ ಇರಿ. ಚಾವಣಿಯ ನೀರು ಇಳಿಯುವ ಕೊಳವೆ, ಕಿಟಕಿಯ ಚೌಕಟ್ಟು, ನೆಲಮಹಡಿಯ ಗೋಡೆಯ ತೇವ ನೋಡಿ. ಪಶ್ಚಿಮದ ಉಪ್ಪುಗಾಳಿಗೆ ಬಣ್ಣ ನಿಲ್ಲುವುದಿಲ್ಲ, ರಿಪೇರಿ ಪ್ರತಿ ವರ್ಷದ ಖರ್ಚು. ಕೋಣೆ ಕೋಣೆಯಾಗಿ ಕೊಡಲು ಪರವಾನಗಿಯ ನಿಯಮಗಳಿವೆ, ಕೌನ್ಸಿಲಿನಲ್ಲಿ ಮೊದಲೇ ವಿಚಾರಿಸಿ. ಇಷ್ಟಾದ ಮೇಲೂ ಆ ಮನೆಯಲ್ಲಿ ನೀವೇ ವಾಸಮಾಡಲು ಮನಸ್ಸಾದರೆ ಕೊಳ್ಳಿ.